ಎಷ್ಟನೇ ವಾರಕ್ಕೆ ಹೋಯ್ತು?

“ಎರಡು ಸಲ ಹೋಯ್ತು” ಅಂದರೆ ನಮ್ಮ ಮನೆಗಳಲ್ಲಿ ಮಾತು ಮುಗಿಯಿತು. ಏನು ಹೋಯ್ತು ಎಂದು ಯಾರೂ ಕೇಳುವುದಿಲ್ಲ, ಗೊತ್ತಿರುತ್ತದೆ. ಎಷ್ಟನೇ ವಾರದಲ್ಲಿ, ನೋವು ಮೊದಲು ಬಂತೋ ನೀರು ಮೊದಲು ಹೋಯಿತೋ, ಹುಟ್ಟಿದಾಗ ಉಸಿರಿತ್ತೋ ಎಂದೂ ಕೇಳುವುದಿಲ್ಲ. ಕೇಳಿದರೆ ಮಾಯುತ್ತಿರುವ ಗಾಯವನ್ನು ಕೆದಕಿದ ಹಾಗೆ ಎಂಬ ಅಂಜಿಕೆ. ಕಳೆದುಕೊಂಡವಳೂ ಬರಬರುತ್ತಾ ವಿವರಗಳನ್ನು ಒಳಗೇ ಇಟ್ಟುಕೊಂಡು ಎಣಿಕೆಯನ್ನಷ್ಟೇ ಹೊರಗೆ ಹೇಳುವುದನ್ನು ಕಲಿಯುತ್ತಾಳೆ. ಆದರೆ ಮತ್ತೆ ಬಸಿರಾದಾಗ ಗರ್ಭಕಂಠಕ್ಕೆ ಹೊಲಿಗೆ ಹಾಕಬೇಕೋ ಬೇಡವೋ ಎಂದು ತೀರ್ಮಾನಿಸಲು ಬರೀ ಎಣಿಕೆ ಸಾಲದು. ಒಳಗಿಟ್ಟುಕೊಂಡ ಆ ವಿವರಗಳೇ ಬೇಕು.

ಹುಬ್ಬಳ್ಳಿಯ ಒಂದು ಆಸ್ಪತ್ರೆಯ ಬೆಂಚಿನ ಮೇಲೆ ಮೂವರು ಹೆಂಗಸರು ಕೂತಿದ್ದಾರೆ ಎಂದುಕೊಳ್ಳೋಣ. ಮೂವರೂ ನಾನು ಕಲ್ಪಿಸಿಕೊಂಡವರು, ಆದರೆ ಅಂಥವರು ಇಲ್ಲದ ಬೆಂಚು ಯಾವ ಊರಲ್ಲೂ ಇಲ್ಲ. ಮೂವರಿಗೂ ಎರಡು ಸಲ ಹೋಗಿದೆ. ಮೂವರೂ ಈಗ ಮೂರನೇ ಸಲ ಬಸಿರು. ಅತ್ತೆಯೋ ಓಣಿಯವರೋ ಯಾರೋ ಒಬ್ಬರು ಮೂವರಿಗೂ ಹೇಳಿ ಕಳಿಸಿದ್ದಾರೆ: “ಈ ಸಲ ಹೊಲಿಗಿ ಹಾಕಿಸ್ಕೋ. ನಮ್ಮ ತಂಗಿ ಸೊಸಿಗೆ ಹಾಕಿದ್ರು, ಕೂಸು ಉಳೀತು.”

ಮೊದಲನೆಯವಳಿಗೆ ಎರಡೂ ಸಲ ಎಂಟು, ಒಂಬತ್ತನೇ ವಾರದ ಸ್ಕ್ಯಾನಿಂಗಿನಲ್ಲಿ ಮಗುವಿನ ಎದೆಬಡಿತ ಕಾಣಲಿಲ್ಲ. ಎರಡನೆಯವಳಿಗೆ ಹೋದದ್ದು ಹತ್ತೊಂಬತ್ತನೇ ವಾರಕ್ಕೊಮ್ಮೆ, ಇಪ್ಪತ್ತೊಂದನೇ ವಾರಕ್ಕೊಮ್ಮೆ. ಮೂರನೆಯವಳಿಗೆ ಮೊದಲ ಸಲ ಹತ್ತನೇ ವಾರ. ಎರಡನೇ ಸಲ ಇಪ್ಪತ್ತೆರಡನೇ ವಾರ ನಡೆಯುತ್ತಿದ್ದಾಗ ಜ್ವರ, ರಕ್ತ, ನೋವು ಎಲ್ಲ ಒಟ್ಟಿಗೆ ಬಂದು, ಯಾವುದು ಮೊದಲು ಯಾವುದು ಆಮೇಲೆ ಎಂಬುದೇ ಅವಳಿಗೆ ನೆನಪಿಲ್ಲ. ಕಾಗದಗಳೂ ಕಳೆದುಹೋಗಿವೆ.

ವಾರ ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ಮನೆಯವರು ತಿಂಗಳು ಎಣಿಸುತ್ತಾರೆ, ವೈದ್ಯರು ವಾರ ಎಣಿಸುತ್ತಾರೆ, ಅದೂ ಕೊನೆಯ ಮುಟ್ಟಿನ ಮೊದಲ ದಿನದಿಂದ. ಮುಟ್ಟು ನಿಂತಿತು ಎಂದು ಗೊತ್ತಾಗುವ ಹೊತ್ತಿಗೆ ಈ ಲೆಕ್ಕದಲ್ಲಿ ನಾಲ್ಕು ವಾರ ಕಳೆದಿರುತ್ತದೆ. “ನಾಲ್ಕು ತಿಂಗಳಿಗೆ ಹೋಯ್ತು” ಎಂಬ ಮಾತು ಹದಿಮೂರನೇ ವಾರವೂ ಆಗಬಹುದು, ಹದಿನೆಂಟನೇ ವಾರವೂ ಆಗಬಹುದು. ಹೊಲಿಗೆಯ ಮಟ್ಟಿಗೆ ಇವೆರಡೂ ಬೇರೆ ಬೇರೆ ಕಥೆಗಳು.

ಗರ್ಭಕೋಶವನ್ನು ತಲೆಕೆಳಗಾಗಿ ಹಿಡಿದ ಸೋರೆಬುರುಡೆಯಂತೆ ಊಹಿಸಿಕೊಳ್ಳಿ. ಕೆಳಗಿನ ಕಿರಿದಾದ ಭಾಗ ಗರ್ಭಕಂಠ. ಮನೆಮಾತಿನಲ್ಲಿ ಗರ್ಭಚೀಲದ ಬಾಯಿ. ಬಸಿರಿನ ನಡುಭಾಗದಲ್ಲಿ ಇದರ ಉದ್ದ ಸಾಮಾನ್ಯವಾಗಿ ಮೂರೂವರೆಯಿಂದ ನಾಲ್ಕು ಸೆಂಟಿಮೀಟರ್. ಬುರುಡೆಯ ಮೇಲುಭಾಗ ಹೆಚ್ಚಾಗಿ ಸ್ನಾಯು. ಹೆರಿಗೆಯಲ್ಲಿ ಹಿಂಡುವ ಕೆಲಸ ಅದರದು. ಕೊರಳಿನಲ್ಲಿ ಸ್ನಾಯು ಕಡಿಮೆ. ಅದನ್ನು ಗಟ್ಟಿಯಾಗಿ ಹಿಡಿದಿರುವುದು ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳು, ಹುರಿಹಗ್ಗದ ನಾರುಗಳ ಹಾಗೆ ಒಂದಕ್ಕೊಂದು ಹೆಣೆದುಕೊಂಡು. ಒಂಬತ್ತು ತಿಂಗಳು ಅಲುಗದೆ ಮುಚ್ಚಿಕೊಂಡಿದ್ದು ಕೊನೆಗೆ ಕೆಲವೇ ಗಂಟೆಗಳಲ್ಲಿ ಹತ್ತು ಸೆಂಟಿಮೀಟರ್ ತೆರೆದುಕೊಳ್ಳಬೇಕಾದ ಅಂಗ ಅದು. ಇಷ್ಟು ವಿರುದ್ಧವಾದ ಎರಡು ಕೆಲಸಗಳನ್ನು ಹೊತ್ತ ಇನ್ನೊಂದು ಅಂಗ ನಮ್ಮ ದೇಹದಲ್ಲಿ ನನಗೆ ಕಾಣುವುದಿಲ್ಲ. ಒಳಗೆ ಲೋಳೆಯ ಬಿರಟೆಯೊಂದು ಕೂತಿರುತ್ತದೆ. ಯೋನಿಯಲ್ಲಿ ಯಾವಾಗಲೂ ಇರುವ ಸೂಕ್ಷ್ಮಜೀವಿಗಳು ಮೇಲೇರದಂತೆ ತಡೆಯುವುದು ಆ ಬಿರಟೆ ಮತ್ತು ಕೊರಳಿನ ಉದ್ದ. ಹಾಗಾಗಿ ಕೊರಳು ಭಾರ ಹೊರುವ ಬಾಗಿಲೂ ಹೌದು, ಸೋಂಕು ತಡೆಯುವ ಗೋಡೆಯೂ ಹೌದು. ಈ ಎರಡನೇ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕೆಲವರಲ್ಲಿ ಕೊಲಾಜೆನ್ನಿನ ಈ ಹೆಣಿಗೆ ಕಾಲ ಕೂಡಿಬರುವ ಮೊದಲೇ ಸಡಿಲವಾಗುತ್ತದೆ. ಹಿಂದೆ ಗರ್ಭಕಂಠದ ತುಣುಕು ತೆಗೆದ ಶಸ್ತ್ರಚಿಕಿತ್ಸೆ ಆಗಿರಬಹುದು; ಹೆರಿಗೆಯಲ್ಲಿ ಕೊರಳು ಹರಿದಿರಬಹುದು; ಬಾಯಿ ಪೂರ್ತಿ ತೆರೆದ ಮೇಲೆ ಸಿಸೇರಿಯನ್ ಆಗಿರಬಹುದು; ಹುಟ್ಟಿನಿಂದಲೇ ಗರ್ಭಕೋಶದ ಆಕಾರ ಬೇರೆಯಿರಬಹುದು, ಇಲ್ಲವೇ ಮೈಯ ಕೊಲಾಜೆನ್ನೇ ದುರ್ಬಲವಾಗಿರಬಹುದು. ಎಷ್ಟೋ ಸಲ ಯಾವ ಕಾರಣವೂ ಸಿಗುವುದಿಲ್ಲ.

ಹೊಲಿಗೆಯ ಕಥೆಗೂ ಹುಬ್ಬಳ್ಳಿಗೂ ಒಂದು ನಂಟಿದೆ. 1899ರಲ್ಲಿ ಗೋವಾದ ಶಿರೋಡಾದಲ್ಲಿ ಹುಟ್ಟಿದ ವಿಠ್ಠಲ ನಾಗೇಶ ಶಿರೋಡ್ಕರ್ ಶಾಲೆ ಓದಿದ್ದು ಹುಬ್ಬಳ್ಳಿಯಲ್ಲಿ. ಮುಂದೆ ಮುಂಬಯಿಯ ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ವೈದ್ಯರಾದರು, ಅಲ್ಲಿಯೇ ಪ್ರಾಧ್ಯಾಪಕರಾದರು. ನಾಲ್ಕರಿಂದ ಏಳನೇ ತಿಂಗಳ ನಡುವೆ ಮತ್ತೆ ಮತ್ತೆ ಬಸಿರು ಕಳೆದುಕೊಳ್ಳುವ ಹೆಂಗಸರು ಅವರನ್ನು ಕಾಡುತ್ತಿದ್ದರು. ಆಗಿನ ಚಿಕಿತ್ಸೆ ಎಂದರೆ ಹಾಸಿಗೆಯ ಮೇಲಿನ ವಿಶ್ರಾಂತಿ, ಇಲ್ಲವೇ ಹಾರ್ಮೋನು. ಎರಡೂ ಫಲಿಸದ ಹೆಂಗಸರ ಮೇಲೆ ಶಿರೋಡ್ಕರ್ ಗಮನ ಇಟ್ಟರು. ಗ್ಲಾಸ್ಗೋದ ಇಯಾನ್ ಡೊನಾಲ್ಡ್ ಶಬ್ದದ ಅಲೆಗಳಿಂದ ಬಸಿರಿನ ಚಿತ್ರ ತೆಗೆದು ಪ್ರಕಟಿಸಿದ್ದು 1958ರಲ್ಲಿ. ಶಿರೋಡ್ಕರ್ ಅದಕ್ಕೂ ಮುಂಚಿನವರು. ಅವರ ಕೈಲಿದ್ದ ಉಪಕರಣ ಬೆರಳು. ಬಸಿರಿನುದ್ದಕ್ಕೂ ಮತ್ತೆ ಮತ್ತೆ ಪರೀಕ್ಷೆ ಮಾಡಿ, ನೋವಿಲ್ಲದೆ ಒಳಬಾಯಿ ಸಡಿಲವಾಗುತ್ತಿರುವುದನ್ನು ಬೆರಳಿನಿಂದಲೇ ಕಂಡುಕೊಂಡ ಹೆಂಗಸರಿಗೆ ಮಾತ್ರ ಶಸ್ತ್ರಚಿಕಿತ್ಸೆ ಮಾಡಿದರು. ಗರ್ಭಕಂಠದ ಮುಂದಿರುವ ಮೂತ್ರಕೋಶವನ್ನು ಬಿಡಿಸಿ ಮೇಲೆ ಸರಿಸಿ, ಹೆಂಗಸಿನ ತೊಡೆಯಿಂದಲೇ ತೆಗೆದ ಗಟ್ಟಿ ಪೊರೆಯ ಪಟ್ಟಿಯನ್ನು ಒಳಬಾಯಿಯ ಮಟ್ಟದಲ್ಲಿ ಸುತ್ತಿ ಕಟ್ಟುವುದು ಅವರ ಕ್ರಮ. 1955ರಲ್ಲಿ ಮದರಾಸಿನಿಂದ ಹೊರಡುತ್ತಿದ್ದ ‘ದಿ ಆಂಟಿಸೆಪ್ಟಿಕ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಇದನ್ನು ಪ್ರಕಟಿಸಿದರು. ಇಂದಿಗೂ ಲೋಕದ ಎಲ್ಲ ಹೆರಿಗೆ ವೈದ್ಯರು ಅದನ್ನು ಶಿರೋಡ್ಕರ್ ಹೊಲಿಗೆ ಎಂದೇ ಕರೆಯುತ್ತಾರೆ. ಅವರು ತೀರಿಕೊಂಡ 1971ರಲ್ಲೇ ಪದ್ಮವಿಭೂಷಣವೂ ಬಂತು. ಹುಬ್ಬಳ್ಳಿಯಲ್ಲಿ ಅವರ ಹೆಸರು ಹೇಳುವವರು ಎಷ್ಟು ಜನ ಇದ್ದಾರೋ! ನನಗಂತೂ ಆ ಊರಿನ ಶಾಲಾಮಕ್ಕಳಿಗೆಲ್ಲ ಅವರ ಕಥೆ ಹೇಳಬೇಕು ಅನಿಸುತ್ತದೆ.

1957ರಲ್ಲಿ ಆಸ್ಟ್ರೇಲಿಯಾದ ಇಯಾನ್ ಮೆಕ್‌ಡೊನಾಲ್ಡ್ ಇನ್ನೂ ಸರಳವಾದ ದಾರಿ ತೋರಿಸಿದರು. ಮೂತ್ರಕೋಶವನ್ನು ಸರಿಸುವ ಗೋಜಿಲ್ಲ. ಯೋನಿಯ ಮೂಲಕವೇ ಕೊರಳಿನ ಸುತ್ತ ನಾಲ್ಕೈದು ಕಡೆ ಸೂಜಿ ಚುಚ್ಚಿ ದಾರ ಸುತ್ತಿ ಬಿಗಿಯುವುದು. ಅಜ್ಜಿಯ ಎಲೆಅಡಿಕೆ ಸಂಚಿಯ ಬಾಯಿಗೆ ದಾರ ಪೋಣಿಸಿ ಎಳೆದರೆ ಹೇಗೆ ಮುಚ್ಚಿಕೊಳ್ಳುತ್ತದೋ ಹಾಗೆಯೇ. ಇಂದು ಹೆಚ್ಚಾಗಿ ಹಾಕುವುದು ಇದನ್ನೇ. ಬೆನ್ನಿಗೆ ಅರಿವಳಿಕೆ ಕೊಟ್ಟರೆ ಕೆಲವೇ ನಿಮಿಷಗಳ ಕೆಲಸ. ಹೆಣೆದ ದಾರ ಒಳ್ಳೆಯದೋ ಒಂಟಿ ಎಳೆಯ ನುಣುಪು ದಾರವೋ ಎಂಬ ವಾದ ಬಹುಕಾಲ ನಡೆಯಿತು. ಬ್ರಿಟನ್ನಿನಲ್ಲಿ 2,049 ಹೆಂಗಸರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2022ರಲ್ಲಿ ಬಂತು: ಮಗು ಕಳೆದುಕೊಂಡವರು ನುಣುಪು ದಾರದಲ್ಲಿ ನೂರಕ್ಕೆ 8.0, ಹೆಣೆದ ದಾರದಲ್ಲಿ 7.6. ವ್ಯತ್ಯಾಸವಿಲ್ಲ ಎನ್ನಬೇಕು. ದಾರದ ಚಿಂತೆಯನ್ನು ವೈದ್ಯರಿಗೆ ಬಿಡಬಹುದು.

ಬೆಂಚಿಗೆ ಮರಳೋಣ.

ಮೊದಲನೆಯವಳಿಗೆ ಹೊಲಿಗೆ ಬೇಡ. ಎಂಟೊಂಬತ್ತು ವಾರದಲ್ಲಿ ಎದೆಬಡಿತ ನಿಂತ ಬಸಿರಿಗೂ ಕೊರಳಿಗೂ ಸಂಬಂಧವಿಲ್ಲ. ಆ ಹೊತ್ತಿನಲ್ಲಿ ಭ್ರೂಣದ ತೂಕ ಕೆಲವೇ ಗ್ರಾಂ, ಕೊರಳಿನ ಮೇಲೆ ಭಾರವೇ ಬಿದ್ದಿರುವುದಿಲ್ಲ. ಹನ್ನೆರಡು ವಾರದೊಳಗಿನ ಗರ್ಭಪಾತಗಳಲ್ಲಿ ಸರಿಸುಮಾರು ಅರ್ಧ, ಕೆಲವು ಲೆಕ್ಕಗಳಲ್ಲಿ ಅದಕ್ಕೂ ಹೆಚ್ಚು, ಭ್ರೂಣದ ವರ್ಣತಂತುಗಳ ಸಂಖ್ಯೆ ಹೆಚ್ಚುಕಡಿಮೆಯಾಗಿ ಆಗುವಂಥವು. ಅವಳಿಗೆ ಬೇಕಾದದ್ದು ಬೇರೆ ಪರೀಕ್ಷೆಗಳು: ರಕ್ತವನ್ನು ಹೆಪ್ಪುಗಟ್ಟಿಸುವ ಆಂಟಿಫಾಸ್ಫೋಲಿಪಿಡ್ ಪ್ರತಿಕಾಯಗಳು ಇವೆಯೇ, ಥೈರಾಯ್ಡ್ ಹೇಗಿದೆ, ಗರ್ಭಕೋಶದ ಆಕಾರ ಸರಿಯಿದೆಯೇ. ಆ ಪ್ರತಿಕಾಯಗಳಿದ್ದರೆ ಆಸ್ಪಿರಿನ್ ಮತ್ತು ಹೆಪಾರಿನ್ ಚುಚ್ಚುಮದ್ದಿನಿಂದ ನಿಜವಾದ ಪ್ರಯೋಜನವಿದೆ. ಏನೂ ಸಿಗದಿದ್ದರೆ ಅದೂ ಒಂದು ಒಳ್ಳೆಯ ಸುದ್ದಿಯೇ. ಕಾರಣ ಸಿಗದ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಮುಂದಿನ ಬಸಿರು ದಿನ ತುಂಬುತ್ತದೆ. ಇವಳಿಗೆ ಹೊಲಿಗೆ ಹಾಕಿ, ಆ ಬಸಿರು ತಾನಾಗಿಯೇ ನಿಂತರೆ ಹೊಲಿಗೆಗೆ ಕೀರ್ತಿ ಬರುತ್ತದೆ. ಓಣಿಯ ಮಾತುಗಳು ಹುಟ್ಟುವುದು ಹೀಗೆ.

ಎರಡನೆಯವಳು ಹೇಳುವುದನ್ನು ತಾಳ್ಮೆಯಿಂದ ಕೇಳಬೇಕು. “ಬ್ಯಾನಿ ಬರಲೇ ಇಲ್ರೀ ಮೇಡಂ. ಎರಡು ದಿನದಿಂದ ಕೆಳಗ ಭಾರ ಅನಸ್ತಿತ್ತು, ಸೊಂಟ ಸ್ವಲ್ಪ ಹಿಡಿದಂಗ. ಬಿಳಿ ಹೋಗೂದು ಜಾಸ್ತಿ ಆಗಿತ್ತು. ಬಚ್ಚಲಕ್ಕ ಹೋದೆ, ನೀರ ಹೋದ್ವು. ಆಸ್ಪತ್ರಿ ಮುಟ್ಟೂದ್ರಾಗ ಆಗೇ ಹೋತು. ಕೂಸು ಜೀವಂತ ಇತ್ತರೀ, ಕೈ ಆಡಿಸ್ತಿತ್ತು.”

ಈ ಐದಾರು ಮಾತಿನಲ್ಲಿ ರೋಗನಿರ್ಣಯ ಇದೆ. ನೋವಿಲ್ಲ, ಭಾರ ಇದೆ, ನೀರು ಮೊದಲು ಹೋಯಿತು, ಬಹಳ ಬೇಗ ಮುಗಿಯಿತು, ಮಗು ಜೀವಂತವಾಗಿ ಹುಟ್ಟಿತು. ಗರ್ಭಕಂಠದ ದೌರ್ಬಲ್ಯವನ್ನು ಹಿಡಿಯುವ ರಕ್ತಪರೀಕ್ಷೆ ಇಲ್ಲ. ಬಸಿರಿಲ್ಲದ ಹೊತ್ತಿನಲ್ಲಿ ಕೊರಳಿನೊಳಗೆ ಸಲಾಕೆ ತೂರಿಸಿಯೋ ಎಕ್ಸ್‌ರೇ ತೆಗೆದೋ ಕಂಡುಹಿಡಿಯುವ ಪ್ರಯತ್ನಗಳು ನಂಬಿಕೆಗೆ ಅರ್ಹವಾಗಲಿಲ್ಲ. ಉಳಿದಿರುವುದು ಅವಳ ನೆನಪು. ನೋವಿಲ್ಲದೆ ಹೋಯಿತು ಎಂದು ಅವಳು ಹೇಳಿದಾಗ ಮನೆಯವರು ನಂಬಿರುವುದಿಲ್ಲ, “ನಿನಗೆ ತಿಳಿಯಲಿಲ್ಲ, ನೀ ಹೇಳಲಿಲ್ಲ” ಎಂದಿರುತ್ತಾರೆ. ಹಾಗೆ ಅವರು ನಂಬದೆ ಹೋದ ಅವಳ ಆ ಮಾತೇ ನಿಜವಾಗಿ ಮುಂದಿನ ಮಗುವನ್ನು ಉಳಿಸಬಲ್ಲ ಸುಳಿವು.

ಇವಳಿಗೆ ಹನ್ನೆರಡರಿಂದ ಹದಿನಾಲ್ಕು ವಾರದ ನಡುವೆ ಹೊಲಿಗೆ ಹಾಕುವ ಮಾತು ಬರುತ್ತದೆ. ಮೊದಲೇ ಏಕಿಲ್ಲ? ತಾನಾಗಿ ನಿಲ್ಲುವ ಬಸಿರುಗಳು ಆ ಹೊತ್ತಿಗೆ ನಿಂತುಹೋಗಿರುತ್ತವೆ, ಮಗುವಿನ ಮೊದಲ ಮುಖ್ಯ ಸ್ಕ್ಯಾನಿಂಗ್ ಮುಗಿದಿರುತ್ತದೆ. ಆದರೆ ಎಷ್ಟು ಸಲ ಕಳೆದುಕೊಂಡ ಮೇಲೆ ಈ ಮಾತು ಎತ್ತಬೇಕು ಎಂಬುದರಲ್ಲಿ ತಜ್ಞರಿಗೇ ಒಮ್ಮತವಿಲ್ಲ. ಬ್ರಿಟನ್ನಿನ ಹೆರಿಗೆ ತಜ್ಞರ ರಾಯಲ್ ಕಾಲೇಜು ಮೂರು ಅಥವಾ ಹೆಚ್ಚು ಸಲ ಎನ್ನುತ್ತದೆ. ಅಮೆರಿಕದ ಕಾಲೇಜು, ನೋವಿಲ್ಲದೆ ಬಾಯಿ ತೆರೆದು ಹೋದ ಕಥೆ ಸ್ಪಷ್ಟವಿದ್ದರೆ ಒಂದೇ ಸಲವಾದರೂ ಆಲೋಚಿಸಬಹುದು ಎನ್ನುತ್ತದೆ. ಒಂದು ಎಣಿಕೆಯನ್ನು ನೆಚ್ಚುತ್ತದೆ, ಇನ್ನೊಂದು ಕಥೆಯನ್ನು.

ಎಣಿಕೆಯ ಹಿಂದಿರುವ ದೊಡ್ಡ ಪುರಾವೆ 1993ರದು. ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ ಮತ್ತು ರಾಯಲ್ ಕಾಲೇಜು ಸೇರಿ ಹಲವು ದೇಶಗಳ 1,292 ಹೆಂಗಸರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದವು. ಆ ಪರೀಕ್ಷೆಗೆ ಸೇರಲು ಇದ್ದ ಷರತ್ತು ನನಗೆ ಬಹಳ ಇಷ್ಟ: ಈ ಹೆಂಗಸಿಗೆ ಹೊಲಿಗೆ ಬೇಕೋ ಬೇಡವೋ ಎಂದು ಅವಳ ವೈದ್ಯರಿಗೇ ನಿಶ್ಚಯವಿರಬಾರದು. ಮೂವತ್ಮೂರು ವಾರಕ್ಕೆ ಮುಂಚೆ ಹೆರಿಗೆಯಾದವರು ಹೊಲಿಗೆ ಹಾಕಿಸಿಕೊಂಡವರಲ್ಲಿ ನೂರಕ್ಕೆ 13, ಹಾಕಿಸಿಕೊಳ್ಳದವರಲ್ಲಿ 17. ಅಂದರೆ ಇಪ್ಪತ್ತೈದು ಮಂದಿಗೆ ಹೊಲಿದರೆ ಒಬ್ಬಳಿಗೆ ಪ್ರಯೋಜನ. ಬಾಣಂತಿ ಜ್ವರ ಹೊಲಿಗೆಯವರಲ್ಲಿ ಎರಡರಷ್ಟಿತ್ತು. ಆದರೆ ಮೂರು ಅಥವಾ ಹೆಚ್ಚು ಸಲ ದಿನ ತುಂಬದೆ ಬಸಿರು ಮುಗಿದವರನ್ನು ಮಾತ್ರ ತೆಗೆದು ನೋಡಿದಾಗ ಚಿತ್ರ ಬದಲಾಯಿತು: 32ರಿಂದ 15ಕ್ಕೆ ಇಳಿಕೆ. ಆ ಗುಂಪು ಚಿಕ್ಕದು, ಆದರೂ ನಿರ್ಲಕ್ಷಿಸುವಂಥ ಅಂತರ ಅಲ್ಲ. ನಮ್ಮ ಎರಡನೆಯವಳಿಗೆ ಎಣಿಕೆ ಎರಡೇ. ಕಥೆ ಮಾತ್ರ ಕನ್ನಡಿಯಷ್ಟು ಸ್ಪಷ್ಟ. ನಾನು ಅವಳ ಅಕ್ಕನಾಗಿದ್ದರೆ ಮೂರನೆಯದು ಹೋಗಲಿ ಎಂದು ಕಾಯಬೇಡ, ಹೊಲಿಗೆಯ ಬಗ್ಗೆ ಈಗಲೇ ಮಾತಾಡು ಎನ್ನುತ್ತಿದ್ದೆ.

ಮೂರನೆಯವಳು ಕಷ್ಟದ ಪ್ರಶ್ನೆ. ಹತ್ತನೇ ವಾರದ್ದು ಲೆಕ್ಕಕ್ಕಿಲ್ಲ. ಇಪ್ಪತ್ತೆರಡನೇ ವಾರದ್ದು ಕೊರಳಿನ ದೌರ್ಬಲ್ಯವೋ, ಸೋಂಕೋ, ಮಾಸು ಬಿಟ್ಟುಕೊಂಡದ್ದೋ ಹೇಳುವಂತಿಲ್ಲ. ಇಂಥವರಿಗೆ ಈಗ ನಡುದಾರಿಯೊಂದಿದೆ: ಹೊಲಿಯುವ ಬದಲು ಕಾದು ನೋಡುವುದು. ಹದಿನಾರನೇ ವಾರದಿಂದ ಇಪ್ಪತ್ನಾಲ್ಕನೇ ವಾರದವರೆಗೆ ಎರಡು ವಾರಕ್ಕೊಮ್ಮೆ, ಕೊರಳು ಗಿಡ್ಡವಾಗುತ್ತಿದ್ದರೆ ವಾರಕ್ಕೊಮ್ಮೆ, ಒಳಗಿನ ಸ್ಕ್ಯಾನಿಂಗ್ ಮಾಡಿ ಕೊರಳಿನ ಉದ್ದ ಅಳೆಯುತ್ತಾರೆ. ಹೊಟ್ಟೆಯ ಮೇಲಿಂದ ಅಳೆದ ಉದ್ದವನ್ನು ನೆಚ್ಚುವಂತಿಲ್ಲ, ಏಕೆಂದರೆ ತುಂಬಿದ ಮೂತ್ರಕೋಶ ಕೊರಳನ್ನು ಒತ್ತಿ ಉದ್ದ ತೋರಿಸುತ್ತದೆ. ಒಳಗಿನ ಸ್ಕ್ಯಾನ್ ಎಂದರೆ ನಮ್ಮ ಹೆಂಗಸರು ಹಿಂಜರಿಯುತ್ತಾರೆ, ಅದರಿಂದಲೇ ಗರ್ಭ ಅಲುಗೀತು ಎಂದು ಹೆದರುತ್ತಾರೆ. ಆ ಹೆದರಿಕೆಗೆ ಆಧಾರವಿಲ್ಲ. ಮೂತ್ರ ಮಾಡಿ ಬಂದು ಮಲಗಿದರೆ ಕೆಲವು ನಿಮಿಷ, ಅಷ್ಟೇ. ಪರದೆಯ ಮೇಲೆ ಗಟ್ಟಿ ಕೊರಳು ಒಂದು ಗೆರೆಯಂತೆ ಕಾಣುತ್ತದೆ. ಒಳಬಾಯಿ ಬಿಚ್ಚಿಕೊಳ್ಳತೊಡಗಿದರೆ ಎಣ್ಣೆ ಸುರಿಯುವ ಆಲಿಕೆಯ ಆಕಾರ ಮೂಡುತ್ತದೆ. ಮುಚ್ಚಿ ಉಳಿದಿರುವ ಕೊಳವೆಯ ಉದ್ದವೇ ಮುಖ್ಯ. ಗಡಿ ಇರುವುದು 25 ಮಿಲಿಮೀಟರಿನಲ್ಲಿ.

ಅಮೆರಿಕದಲ್ಲಿ 2009ರಲ್ಲಿ ಪ್ರಕಟವಾದ ಒಂದು ಪರೀಕ್ಷೆ ಇವಳ ಪ್ರಶ್ನೆಗೆ ತೀರ ಹತ್ತಿರದ್ದು. ಹಿಂದೆ ಹದಿನೇಳರಿಂದ ಮೂವತ್ಮೂರು ವಾರದ ನಡುವೆ ತಾನಾಗಿ ಹೆರಿಗೆಯಾಗಿದ್ದ ಸಾವಿರದ ಚಿಲ್ಲರೆ ಹೆಂಗಸರ ಕೊರಳನ್ನು ಹೀಗೆ ಅಳೆಯುತ್ತಾ ಹೋದರು. 25 ಮಿಲಿಮೀಟರಿಗಿಂತ ಕಡಿಮೆಯಾದದ್ದು ಮೂರರಲ್ಲೊಬ್ಬರಿಗಿಂತಲೂ ಕಡಿಮೆ ಜನಕ್ಕೆ. ಉಳಿದವರಿಗೆ ಸೂಜಿ ಮುಟ್ಟಿಸುವ ಅಗತ್ಯವೇ ಬೀಳಲಿಲ್ಲ. ಹಿಂದೊಮ್ಮೆ ಕಳೆದುಕೊಂಡಿದ್ದರೂ ಹೆಚ್ಚಿನವರ ಕೊರಳು ಈ ಸಲ ಗಟ್ಟಿಯಾಗಿಯೇ ನಿಂತಿತು! ಗಿಡ್ಡವಾದ 302 ಮಂದಿಯಲ್ಲಿ ಅರ್ಧದಷ್ಟು ಜನಕ್ಕೆ ಹೊಲಿದರು. ಮೂವತ್ತೈದು ವಾರಕ್ಕೆ ಮುಂಚೆ ಹೆರಿಗೆಯಾದವರು 42ರಿಂದ 32ಕ್ಕೆ ಇಳಿದರು. ಈ ಅಂತರ ಆಕಸ್ಮಿಕವಿರಬಹುದು ಎಂಬ ಅನುಮಾನಕ್ಕೆ ಸ್ವಲ್ಪ ಎಡೆಯಿತ್ತು. ಮಗುವಿನ ಸಾವು ಮಾತ್ರ ನೂರಕ್ಕೆ 16ರಿಂದ 9ರ ಆಸುಪಾಸಿಗೆ ಇಳಿಯಿತು. ಕೊರಳು 15 ಮಿಲಿಮೀಟರಿಗಿಂತ ಗಿಡ್ಡವಾದವರಲ್ಲಿ ಹೊಲಿಗೆಯ ಪ್ರಯೋಜನ ಅನುಮಾನವಿಲ್ಲದಷ್ಟು ಕಂಡಿತು.

ಹಾಗಿದ್ದರೆ ಬಸಿರಾದ ಪ್ರತಿಯೊಬ್ಬಳ ಕೊರಳನ್ನೂ ಅಳೆದು, ಗಿಡ್ಡ ಇದ್ದವರಿಗೆಲ್ಲ ಹೊಲಿದರೆ ಆಗದೇ? ಲಂಡನ್ನಿನಲ್ಲಿ ಕೈಪ್ರೋಸ್ ನಿಕೊಲೈಡಿಸ್ ಅವರ ತಂಡ ಇದನ್ನೇ ಮಾಡಿ ನೋಡಿತು. ಸುಮಾರು 47,000 ಹೆಂಗಸರನ್ನು ಅಳೆದು, ಕೊರಳು 15 ಮಿಲಿಮೀಟರು ಅಥವಾ ಕಡಿಮೆ ಇದ್ದ 253 ಮಂದಿಯನ್ನು ಎರಡು ಗುಂಪು ಮಾಡಿದರು. ಇವರಲ್ಲಿ ಹೆಚ್ಚಿನವರು ಹಿಂದೆ ಮಗು ಕಳೆದುಕೊಂಡವರಲ್ಲ. 2004ರಲ್ಲಿ ಬಂದ ಫಲಿತಾಂಶ: ಮೂವತ್ಮೂರು ವಾರಕ್ಕೆ ಮುಂಚಿನ ಹೆರಿಗೆ ಹೊಲಿಗೆಯಿದ್ದಾಗ 22, ಇಲ್ಲದಾಗ 26. ಹೇಳಿಕೊಳ್ಳುವಂಥದ್ದಲ್ಲ. ಮೂರು ವರ್ಷದ ಮೇಲೆ ಅದೇ ತಂಡ ಅಷ್ಟೇ ಗಿಡ್ಡ ಕೊರಳಿನ 250 ಹೆಂಗಸರಲ್ಲಿ ಅರ್ಧ ಜನಕ್ಕೆ ದಿನಾ ರಾತ್ರಿ ಯೋನಿಯೊಳಗೆ ಇಟ್ಟುಕೊಳ್ಳುವ 200 ಮಿಲಿಗ್ರಾಂ ಪ್ರೊಜೆಸ್ಟರಾನ್ ಗುಳಿಗೆ ಕೊಟ್ಟಿತು. ಮೂವತ್ನಾಲ್ಕು ವಾರಕ್ಕೆ ಮುಂಚಿನ ಹೆರಿಗೆ 34ರಿಂದ 19ಕ್ಕೆ ಇಳಿಯಿತು.

ಈ ಎರಡು ಫಲಿತಾಂಶಗಳನ್ನು ಅಕ್ಕಪಕ್ಕ ಇಟ್ಟು ನಾನು ಬಹಳ ಹೊತ್ತು ಯೋಚಿಸಿದ್ದೇನೆ. ಅಷ್ಟೇ ಗಿಡ್ಡ ಕೊರಳು. ದಾರ ಸೋತಿತು, ಹಾರ್ಮೋನು ಗೆದ್ದಿತು. ಗಿಡ್ಡವಾದ ಕೊರಳೆಲ್ಲ ದುರ್ಬಲ ಕೊರಳಲ್ಲ ಎಂದು ಇದರ ಅರ್ಥ. ಬಾಗಿಲು ಸಡಿಲವಾಗಿ ತೆರೆಯುವುದು ಒಂದು. ಒಳಗೆ ಹೊಗೆ ತುಂಬಿದ್ದರಿಂದ ಮನೆಯವರೇ ಬಾಗಿಲು ತೆರೆಯುವುದು ಇನ್ನೊಂದು. ಸೋಂಕೋ ಉರಿಯೂತವೋ ಶುರುವಾದಾಗ ಗರ್ಭಕೋಶ ತಾನಾಗಿಯೇ ಹೆರಿಗೆಯ ತಯಾರಿಗೆ ತೊಡಗುತ್ತದೆ, ಕೊರಳನ್ನು ಮೆತ್ತಗೆ ಮಾಡುತ್ತದೆ. ಅಲ್ಲಿಗೆ ದಾರ ಕಟ್ಟುವುದೆಂದರೆ ಹೊಗೆಯ ಮನೆಗೆ ಹೊರಗಿನಿಂದ ಚಿಲಕ ಹಾಕಿದಂತೆ. ಆದರೆ ಎರಡೂ ಬೆರೆತೇ ಇರುವುದೂ ಉಂಟು: ದುರ್ಬಲ ಕೊರಳು ಗಿಡ್ಡವಾದಾಗ ಸೋಂಕಿನ ಗೋಡೆಯೂ ತೆಳುವಾಗುತ್ತದೆ, ಸೂಕ್ಷ್ಮಜೀವಿಗಳು ನೀರಿನ ಚೀಲಕ್ಕೆ ಹತ್ತಿರವಾಗುತ್ತವೆ. ಅಂಥ ಕಡೆ ಬೇಗನೆ ಬಿಗಿದ ದಾರ ಗೋಡೆಯನ್ನೂ ಉಳಿಸುತ್ತದೆ. ಹಿಂದಿನ ಕಥೆ ಗೊತ್ತಿದ್ದಾಗ ಮಾತ್ರ ಇದು ಯಾವ ಬಗೆಯ ಗಿಡ್ಡ ಕೊರಳು ಎಂದು ಊಹಿಸಲು ಸಾಧ್ಯ. ಅವಳಿ ಬಸಿರಿನಲ್ಲಂತೂ ಗಿಡ್ಡ ಕೊರಳಿಗೆ ಹೊಲಿದಾಗ ಅಕಾಲ ಹೆರಿಗೆ ಎರಡರಷ್ಟಾದದ್ದು 2005ರ ಒಂದು ವಿಶ್ಲೇಷಣೆಯಲ್ಲಿ ಕಂಡಿತು. ಅದರಲ್ಲಿದ್ದ ಅವಳಿ ಬಸಿರಿನವರು ಐವತ್ತರೊಳಗೆ, ಆದರೂ ಅಂದಿನಿಂದ ಅವಳಿ ಎಂಬ ಒಂದೇ ಕಾರಣಕ್ಕೆ ವೈದ್ಯರು ಸೂಜಿ ಎತ್ತುವುದಿಲ್ಲ.

ಇನ್ನೊಂದು ಬಗೆಯ ಹೊಲಿಗೆಯ ಬಗ್ಗೆ ಬರೆಯುವುದು ಕಷ್ಟ. ಹೆಂಗಸು ಭಾರ ಎನ್ನುತ್ತಾ ಬಂದಿದ್ದಾಳೆ. ನೋಡಿದರೆ ಇಪ್ಪತ್ತೊಂದನೇ ವಾರ, ಬಾಯಿ ಎರಡು ಸೆಂಟಿಮೀಟರ್ ತೆರೆದಿದೆ, ನೀರಿನ ಚೀಲ ಕಾಣುತ್ತಿದೆ. ಜ್ವರವಿಲ್ಲ, ರಕ್ತವಿಲ್ಲ, ನೋವಿಲ್ಲ. ಚೀಲವನ್ನು ಮೆಲ್ಲಗೆ ಒಳಗೆ ತಳ್ಳಿ ಹೊಲಿಯಬಹುದು. ನೆದರ್ಲೆಂಡ್ಸಿನ 23 ಹೆಂಗಸರ ಚಿಕ್ಕ ಪರೀಕ್ಷೆಯಲ್ಲಿ ಹೊಲಿದವರು ಸರಾಸರಿ 54 ದಿನಗಳ ನಂತರ ಹೆತ್ತರು, ಬರೀ ಮಲಗಿದ್ದವರು 20 ದಿನಗಳ ನಂತರ. ಇಪ್ಪತ್ತೊಂದು ವಾರಕ್ಕೆ 54 ದಿನ ಸೇರಿದರೆ ಇಪ್ಪತ್ತೆಂಟು ದಾಟುತ್ತದೆ. ಒಳ್ಳೆಯ ನವಜಾತ ಶಿಶು ಘಟಕವಿದ್ದರೆ ಆ ಮಗು ಬದುಕುವ ಸಾಧ್ಯತೆಯೇ ಹೆಚ್ಚು. ಆದರೆ ಸರಾಸರಿ ಎಲ್ಲರಿಗೂ ಸಿಗುವುದಿಲ್ಲ. 20 ದಿನ ಮಾತ್ರ ಸಿಕ್ಕರೆ ಇಪ್ಪತ್ನಾಲ್ಕನೇ ವಾರ, ಅರ್ಧ ಕೆಜಿಯ ಸ್ವಲ್ಪ ಮೇಲಿನ ಮಗು, ತಿಂಗಳುಗಟ್ಟಲೆ ಯಂತ್ರಗಳ ನಡುವೆ; ಬದುಕಿದರೂ ಕಣ್ಣಿಗೆ, ಮಿದುಳಿಗೆ ತೊಂದರೆ ಉಳಿಯಬಹುದು. ಹೊಲಿಯುವಾಗಲೇ ಚೀಲ ಒಡೆಯುವ ಅಪಾಯವೂ ಇದೆ. ಹೊಲಿಸಿದವರೂ ಬೇಡವೆಂದವರೂ ಇಬ್ಬರೂ ಪ್ರೀತಿಯಿಂದಲೇ ತೀರ್ಮಾನಿಸಿರುತ್ತಾರೆ. ನಾನು ಕೇಳಿಕೊಳ್ಳುವುದಿಷ್ಟೇ: ಈ ಎರಡೂ ಸಾಧ್ಯತೆಗಳನ್ನು ಹೆಂಗಸಿಗೇ ಹೇಳಬೇಕು, ಹೊರಗೆ ನಿಂತ ಗಂಡನಿಗೆ ಮಾವನಿಗೆ ಹೇಳಿ ಸಹಿ ಹಾಕಿಸಿಕೊಂಡರೆ ಸಾಲದು.

ಹೊಲಿಗೆ ಹಾಕಿಯೂ ಹೋದರೆ? ಆಗ ಹೊಟ್ಟೆಯ ಮೂಲಕ, ಕೊರಳು ಗರ್ಭಕೋಶಕ್ಕೆ ಸೇರುವ ಜಾಗದಲ್ಲೇ ಕಟ್ಟುವ ದಾರಿಯಿದೆ. 1965ರಲ್ಲಿ ಬೆನ್ಸನ್ ಮತ್ತು ಡರ್ಫಿ ತೋರಿಸಿಕೊಟ್ಟದ್ದು. ಕೆಳಗಿನ ಹೊಲಿಗೆ ಒಮ್ಮೆ ವಿಫಲವಾದವರ ಮೇಲೆ ಬ್ರಿಟನ್ನಿನಲ್ಲಿ ನಡೆದ ಪರೀಕ್ಷೆಯಲ್ಲಿ ಮೂವತ್ತೆರಡು ವಾರಕ್ಕೆ ಮುಂಚೆ ಹೆತ್ತವರು ಹೊಟ್ಟೆಯ ಹೊಲಿಗೆಯಲ್ಲಿ ನೂರಕ್ಕೆ 8, ಮತ್ತೆ ಕೆಳಗಿನಿಂದಲೇ ಹೊಲಿದವರಲ್ಲಿ 33. ಬಹಳ ದೊಡ್ಡ ಅಂತರ. ಬಸಿರಾಗುವ ಮೊದಲೇ ಇದನ್ನು ಹಾಕಿಸಿಕೊಳ್ಳಬಹುದು. ಹೆರಿಗೆ ಸಿಸೇರಿಯನ್ ಆಗಬೇಕು.

ಹೊಲಿಗೆ ಹಾಕಿದ ಮೇಲೆ ಮನೆಯಲ್ಲಿ ನಡೆಯುವುದರ ಬಗ್ಗೆಯೂ ಹೇಳಬೇಕು. “ಹಾಸಿಗೆ ಬಿಟ್ಟು ಏಳಬೇಡ” ಎಂಬ ಅಪ್ಪಣೆ ಹೊರಡುತ್ತದೆ. ಮಲಗಿಸುವುದರಿಂದ ಬಸಿರು ಉಳಿಯುತ್ತದೆ ಎಂಬುದಕ್ಕೆ ಪುರಾವೆ ಸಿಕ್ಕಿಲ್ಲ. ತಿಂಗಳುಗಟ್ಟಲೆ ಮಲಗಿದವಳ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು, ಸ್ನಾಯು ಸೊರಗುತ್ತದೆ, ಮನಸ್ಸು ಅದಕ್ಕಿಂತ ಹೆಚ್ಚು ಸೊರಗುತ್ತದೆ. ಹಿಂದೆ ಹೋದದ್ದಕ್ಕೆ ಕೊಡ ಎತ್ತಿದ್ದು, ಬಸ್ಸಿನಲ್ಲಿ ಕುಲುಕಿದ್ದು, ಪರಂಗಿ ಹಣ್ಣು ತಿಂದದ್ದು ಕಾರಣ ಎಂದು ಅವಳ ಮೇಲೆ ಹೊರಿಸಿರುತ್ತಾರೆ, ಅವಳೂ ಹೊತ್ತುಕೊಂಡಿರುತ್ತಾಳೆ. ಕೊಲಾಜೆನ್ನಿನ ಎಳೆಗಳು ಕೊಡದ ಭಾರಕ್ಕೆ ಬಿಚ್ಚುವಂಥವಲ್ಲ. ಇದನ್ನು ವೈದ್ಯರು ಅವಳ ಅತ್ತೆಯ ಎದುರಿನಲ್ಲೇ ಗಟ್ಟಿಯಾಗಿ ಹೇಳಿದರೆ ಒಂದು ಔಷಧಿ ಕೊಟ್ಟಷ್ಟೇ ಉಪಕಾರ.

ಇನ್ನೊಂದು ವಿಷಯ ನಮ್ಮ ಪದ್ಧತಿಗೇ ಸೇರಿದ್ದು. ಕುಬುಸ ಮಾಡಿ ಏಳನೇ ತಿಂಗಳಿಗೆ ತವರಿಗೆ ಕಳಿಸುತ್ತಾರೆ. ಹೊಲಿಗೆ ಹಾಕಿದ್ದು ಒಂದು ಊರಲ್ಲಿ, ನೋವು ಬರುವುದು ಇನ್ನೊಂದು ಊರಲ್ಲಿ. ಕೊರಳಿಗೆ ದಾರ ಬಿಗಿದಿರುವುದು ಅಲ್ಲಿಯವರಿಗೆ ಗೊತ್ತಿರದಿದ್ದರೆ, ಗರ್ಭಕೋಶ ಹಿಂಡುತ್ತಲೇ ಇರುತ್ತದೆ, ಬಾಯಿ ತೆರೆಯುವುದಿಲ್ಲ, ದಾರ ಕೊರಳನ್ನೇ ಕೊಯ್ಯುತ್ತದೆ. ಹಾಗಾಗಿ ಹೊಲಿಗೆ ಹಾಕಿದ ದಿನಾಂಕ, ಯಾವ ಬಗೆಯದು, ಗಂಟು ಮುಂದಿದೆಯೋ ಹಿಂದಿದೆಯೋ ಎಂಬುದನ್ನು ತಾಯಿ ಕಾರ್ಡಿನ ಮೇಲೆ ಎದ್ದು ಕಾಣುವಂತೆ ಬರೆಸಿಕೊಳ್ಳಬೇಕು. ನೋವು, ನೀರು, ರಕ್ತ, ಜ್ವರ ಯಾವುದು ಬಂದರೂ ಆಸ್ಪತ್ರೆಯ ಬಾಗಿಲಲ್ಲೇ ಮೊದಲು ಹೇಳಬೇಕಾದ ಮಾತು “ಹೊಲಿಗೆ ಹಾಕ್ಯಾರ್ರೀ” ಎಂಬುದು. ಅಕ್ಕ, ತಾಯಿ, ಆಶಾ ಕಾರ್ಯಕರ್ತೆ ಎಲ್ಲರಿಗೂ ಅದು ಗೊತ್ತಿರಲಿ.

ಎಲ್ಲವೂ ಸರಿಯಾಗಿ ನಡೆದರೆ ಮೂವತ್ತಾರು, ಮೂವತ್ತೇಳನೇ ವಾರಕ್ಕೆ ಕೆಳಗಿನ ಹೊಲಿಗೆಯನ್ನು ಬಿಚ್ಚುತ್ತಾರೆ. ಸಾಮಾನ್ಯವಾಗಿ ಅರಿವಳಿಕೆಯೂ ಬೇಡ. ಗಂಟು ಹಿಡಿದು ಎಳೆದು ಒಂದು ಕಡೆ ಕತ್ತರಿಸಿದರೆ ದಾರ ಜಾರಿ ಬರುತ್ತದೆ. ದಾರ ಬಿಚ್ಚಿದ ಕೂಡಲೇ ಮಗು ಬಿದ್ದೇಹೋಗುತ್ತದೆ ಎಂದು ಎರಡನೆಯವಳು ಹೆದರಿ ತೊಡೆ ಬಿಗಿ ಹಿಡಿದು ಕೂತಿರುತ್ತಾಳೆ. ಹಾಗಾಗುವುದು ಅಪರೂಪ. ಎಷ್ಟೋ ಹೆಂಗಸರಿಗೆ ಆಮೇಲೂ ವಾರ, ಎರಡು ವಾರ ನೋವೇ ಬರುವುದಿಲ್ಲ. ಇಷ್ಟು ತಿಂಗಳು ನೋವು ಬಾರದಿರಲಿ ಎಂದು ಹರಕೆ ಹೊತ್ತವಳು, ತವರಿನ ಕಟ್ಟೆಯ ಮೇಲೆ ಕೂತು ಇನ್ನೂ ಯಾಕೆ ಬ್ಯಾನಿ ಬಂದಿಲ್ಲ ಎಂದು ದಿನ ಎಣಿಸತೊಡಗುತ್ತಾಳೆ.